ಸ್ವಂತ ಗಣಕದಲ್ಲಿ ಹಸ್ತಪ್ರತಿ ಸೂಚಿಯ ಸ್ಥಾಪನೆ

ಓಲೆಗರಿಯ ಭಂಡಾರವೊಂದರಲ್ಲಿ ಯಾವ ಗ್ರಂಥಗಳಿವೆ ಎಂಬುದು ಸೂಚಿಯಿಲ್ಲದೆ ಹೊರಗಿನವರಿಗೆ ತಿಳಿಯುವಂತಿಲ್ಲ. ಎಷ್ಟೋ ವೇಳೆ ಒಳಗಿನವರಿಗೂ ತಿಳಿದಿರುವುದಿಲ್ಲ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದಾಗ ಮೂಡಬಿದಿರೆ, ಕಾರ್ಕಳ ಮೊದಲಾದ ಸ್ಥಳಗಳ ಓಲೆಕಟ್ಟುಗಳ ವಿವರ ಒಂದೆಡೆ ವಿದ್ವಾಂಸರ ಕೈಗೆ ದೊರೆಯಿತು. ಯಾವುದೇ ಗ್ರಂಥಸೂಚಿಯ ಹಿಂದೆ ರಾಶಿ ರಾಶಿ ಚೀಟಿಗಳ ಶ್ರಮವಿರುತ್ತದೆ. ಚೀಟಿಗೆ ಒಂದು ಗುಣವಿದೆ: ತಪ್ಪು ಕಂಡಾಗ ಅದನ್ನು ಹರಿದು ಬೇರೊಂದನ್ನು ಬರೆಯಬಹುದು. ಅಚ್ಚಾದ ಸೂಚಿಗೆ ಆ ಗುಣವಿಲ್ಲ. ಅಂತರ್ಜಾಲದಲ್ಲಿ ಪ್ರಕಟವಾದ ಸೂಚಿಗೆ ಅದು ಇದೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅಲ್ಲಿ ಹೊರಬಿದ್ದ ತಪ್ಪು ಹತ್ತಾರು ಕಡೆಗೆ ನಕಲಾಗಿ, ಮೂಲದಲ್ಲಿ ತಿದ್ದಿದ ಮೇಲೂ ಉಳಿದುಕೊಳ್ಳುತ್ತದೆ. ಆದುದರಿಂದ ಗಣಕದ ಕಾಲದಲ್ಲಿಯೂ ಚೀಟಿಯ ಹಂತವೊಂದು ಅಗತ್ಯ. ಸೂಚಿಯ ತಂತ್ರಾಂಶವನ್ನು ಮೊದಲು ಸ್ವಂತ ಗಣಕದಲ್ಲಿ ಸ್ಥಾಪಿಸಿಕೊಂಡು, ಅಲ್ಲಿಯೇ ತಪ್ಪಿ ತಿದ್ದಿಕೊಳ್ಳುವುದು ಆ ಹಂತ.

ಇಂತಹ ತಂತ್ರಾಂಶಕ್ಕೆ ವಿಷಯ ನಿರ್ವಹಣಾ ವ್ಯವಸ್ಥೆ ಎಂಬ ಹೆಸರು ರೂಢಿಯಲ್ಲಿದೆ. ಬರಹ, ಚಿತ್ರ, ವಿವರಗಳನ್ನು ಒಂದು ಕ್ರಮದಲ್ಲಿ ಸೇರಿಸಿಡುವುದು, ಬೇಕಾದಾಗ ತಿದ್ದುವುದು, ಕೇಳಿದವರಿಗೆ ಪುಟದ ರೂಪದಲ್ಲಿ ತೋರಿಸುವುದು ಇದರ ಕೆಲಸ. ಇದರಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಸರ್ವರ್, ಎಂದರೆ ಕೇಳಿದ ಪುಟವನ್ನು ತಂದುಕೊಡುವ ಕಾರ್ಯಕ್ರಮ. ಅಪಾಚೆ ಎಂಬುದು ಇದರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು. ಎರಡನೆಯದು ದತ್ತಸಂಚಯ, ಚೀಟಿಗಳ ಪೆಟ್ಟಿಗೆ ಇದೇ. ಮೈಎಸ್‌ಕ್ಯೂಎಲ್ ಅಥವಾ ಅದರಿಂದಲೇ ಕವಲೊಡೆದ ಮಾರಿಯಾಡಿಬಿ ಈ ಕೆಲಸ ಮಾಡುತ್ತದೆ. ಮೂರನೆಯದು ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ, ಚೀಟಿಯನ್ನು ಹುಡುಕಿ ಪುಟವಾಗಿ ಜೋಡಿಸುವ ತಂತ್ರಾಂಶ. ಸಾಮಾನ್ಯವಾಗಿ ಈ ಮೂರೂ ದೂರದ ಬಾಡಿಗೆ ಯಂತ್ರವೊಂದರಲ್ಲಿರುತ್ತವೆ. ಅವು ಅಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಮೇಜಿನ ಮೇಲಿನ ಗಣಕವೇ ಕೇಳುವವನೂ ಆಗಬಹುದು, ಕೊಡುವವನೂ ಆಗಬಹುದು. ಹಾಗೆ ತನ್ನನ್ನು ತಾನೇ ಕರೆಯುವಾಗ ಗಣಕ ಬಳಸುವ ವಿಳಾಸಕ್ಕೆ ಲೋಕಲ್‌ಹೋಸ್ಟ್ ಎಂದು ಹೆಸರು. ಅಂಕಿಗಳಲ್ಲಿ ಅದು 127.0.0.1. ಈ ವಿಳಾಸಕ್ಕೆ ಬರೆದ ಪತ್ರ ಮನೆಯ ಹೊಸಿಲು ದಾಟುವುದಿಲ್ಲ. ಅಂತರ್ಜಾಲದ ಸಂಪರ್ಕ ಕಡಿದುಹೋಗಿದ್ದರೂ ಕೆಲಸ ನಡೆಯುತ್ತದೆ.

ಹೊಸಿಲು ದಾಟದಿರುವುದು ಹಸ್ತಪ್ರತಿಗಳ ವಿಷಯದಲ್ಲಿ ಸಣ್ಣ ಮಾತಲ್ಲ. ಓಲೆಕಟ್ಟುಗಳು ಮಠ, ಬಸದಿಗಳಲ್ಲಿರುವಂತೆ ಶ್ರಾವಕರ ಮನೆಗಳಲ್ಲಿಯೂ ಇವೆ. ಸೂಚಿಕಾರನು ತನ್ನ ತಿಳಿವಳಿಕೆಗಾಗಿ ಇಂಥ ಊರಿನ ಇಂಥ ಮನೆಯ ದೇವರ ಕೋಣೆಯಲ್ಲಿ ಎಂದು ಬರೆದುಕೊಳ್ಳಲೇಬೇಕಾಗುತ್ತದೆ. ಆ ಒಂದು ಸಾಲು ಪ್ರಕಟವಾದರೆ ಕಳ್ಳನಿಗೆ ದಾರಿ ತೋರಿದಂತೆ. ಪ್ರತಿಯನ್ನು ನಂಬಿ ತೋರಿಸಿದ ಮನೆಯವರು ಮತ್ತೊಮ್ಮೆ ಬಾಗಿಲು ತೆರೆಯಲಾರರು. ಅಕ್ಕಪಕ್ಕದ ಊರಿನವರೂ ತೆರೆಯಲಾರರು. ಯಾವ ವಿವರ ಲೋಕಕ್ಕೆ, ಯಾವುದು ಸಂಸ್ಥೆಯ ಕಡತಕ್ಕೆ ಎಂಬ ವಿವೇಚನೆ ಮುಗಿಯುವ ತನಕ ಸೂಚಿ ಮನೆಯೊಳಗಿರುವುದೇ ಯುಕ್ತ.

ಹೀಗಿರುವುದರಿಂದ ಅಭ್ಯಾಸವನ್ನು ಈಗಾಗಲೇ ಪ್ರಕಟವಾಗಿರುವ ಶಾಸನಗಳಿಂದ ಆರಂಭಿಸುವುದು ಕ್ಷೇಮ. ಅರಸೀಕೆರೆಯ ಸಮೀಪದಲ್ಲಿ, ತಿರುಪತಿಯೆಂದೇ ಜನ ಕರೆಯುವ ವೆಂಕಟರಮಣನ ಬೆಟ್ಟದ ಮಾಲೇಕಲ್ಲಿನಲ್ಲಿ ನೆಲೆಸಿರುವ ಒಬ್ಬ ಅಭ್ಯಾಸಿಯನ್ನು ಉದಾಹರಣೆಗಾಗಿ ಭಾವಿಸಬಹುದು. ಅವನ ಸುತ್ತಲೇ ಸಾಮಗ್ರಿ ಹೇರಳವಾಗಿದೆ. ಅರಸೀಕೆರೆಯಲ್ಲಿ ರೇಚರಸನು 1220ರಲ್ಲಿ ಮಾಡಿಸಿದ ಸಹಸ್ರಕೂಟ ಜಿನಾಲಯವಿದೆ. ಹಳೇಬೀಡಿನ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳು ಸಾಲಾಗಿ ನಿಂತಿವೆ. ಇವುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಯಾರ ಮನೆಯ ಗುಟ್ಟೂ ಇವುಗಳಲ್ಲಿಲ್ಲ. ಆದರೆ ಹಸ್ತಪ್ರತಿಯ ಸೂಚಿಯಲ್ಲಿ ಎದುರಾಗುವ ತೊಡಕುಗಳೆಲ್ಲ ಇಲ್ಲಿಯೂ ಎದುರಾಗುತ್ತವೆ. ನಲವತ್ತು ಐವತ್ತು ದಾಖಲೆಗಳನ್ನು ತುಂಬುವಷ್ಟರಲ್ಲಿ ಕೈ ಪಳಗುತ್ತದೆ.

ತಂತ್ರಾಂಶದ ಆಯ್ಕೆಯ ಬಗೆಗೆ ಒಂದು ಮಾತು. 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಎಲ್ಲಕ್ಕಿಂತ ಪ್ರಸಿದ್ಧ, ಸ್ಥಾಪಿಸಲು ಸುಲಭ, ಉಚಿತ. ಆದರೆ ಅದರ ಹುಟ್ಟು ದಿನಾಂಕದ ಕ್ರಮದಲ್ಲಿ ಲೇಖನಗಳನ್ನು ಪ್ರಕಟಿಸುವುದಕ್ಕಾಗಿ. ಸಂಸ್ಥೆಯ ವಾರ್ತೆ, ಉಪನ್ಯಾಸಗಳ ವರದಿಗೆ ಅದು ಸಾಕು. ವಸ್ತುಗಳ ಸೂಚಿಗೆ ಹೊಂದುವುದು ಒಮೆಕ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು 2008ರಲ್ಲಿ ಇದನ್ನು ಹೊರತಂದಿತು. ದಾಖಲೆಗಳನ್ನು ಪರಸ್ಪರ ಜೋಡಿಸಬಲ್ಲ ಒಮೆಕ ಎಸ್ ಎಂಬ ರೂಪ 2017ರಲ್ಲಿ ಬಂದಿತು. ಒಮೆಕ ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಸರಕನ್ನು ಬಿಚ್ಚಿ ಹರಡಿ ತೋರಿಸುವುದು ಎಂದರ್ಥ. ಇದೂ ಉಚಿತ. ಮುಂದಿನ ವಿವರಣೆ ಒಮೆಕ ಎಸ್ ಅನ್ನು ಕುರಿತದ್ದು.

ಸ್ಥಾಪನೆಗೆ ಮೊದಲು ಸರ್ವರ್, ದತ್ತಸಂಚಯ, ಪಿಎಚ್‌ಪಿ ಇವು ಗಣಕದಲ್ಲಿರಬೇಕು. ವಿಂಡೋಸ್ ಬಳಸುವವರಿಗೆ ಮೂರನ್ನೂ ಒಂದೇ ಕಟ್ಟಿನಲ್ಲಿ ಕೊಡುವ ಕ್ಸಾಂಪ್ ದೊರೆಯುತ್ತದೆ. ಅದನ್ನು ಸ್ಥಾಪಿಸಿ, ಅದರ ನಿಯಂತ್ರಣ ಫಲಕದಲ್ಲಿ ಅಪಾಚೆ ಮತ್ತು ಮೈಎಸ್‌ಕ್ಯೂಎಲ್ ಎದುರಿನ ಗುಂಡಿಗಳನ್ನು ಒತ್ತಿದರೆ ಎರಡೂ ಹಸಿರು ಬಣ್ಣಕ್ಕೆ ತಿರುಗಬೇಕು. ಅಪಾಚೆ ತಿರುಗದಿದ್ದರೆ, ಬಹುಮಟ್ಟಿಗೆ ಬೇರೆ ಯಾವುದೋ ಕಾರ್ಯಕ್ರಮ ಅದರ 80ನೆಯ ದ್ವಾರವನ್ನು ಆಕ್ರಮಿಸಿರುತ್ತದೆ. ಅಪಾಚೆಗೆ 8080 ಎಂಬ ದ್ವಾರವನ್ನು ಕೊಟ್ಟರೆ ವಿವಾದ ತೀರುತ್ತದೆ. ಉಬುಂಟು ಮೊದಲಾದ ಲಿನಕ್ಸ್ ಗಣಕಗಳಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಸ್ಥಾಪಿಸಬೇಕು. ಜೊತೆಗೆ ವಿಳಾಸಗಳನ್ನು ತಿರುಗಿಸಿ ಬರೆಯುವ ರೀರೈಟ್ ಎಂಬ ಅಂಗವನ್ನು ಎಚ್ಚರಗೊಳಿಸಬೇಕು. ಇಲ್ಲವಾದರೆ ಮೊದಲ ಪುಟ ತೆರೆಯುತ್ತದೆ, ಒಳಗಿನ ಪುಟಗಳು ತೆರೆಯುವುದಿಲ್ಲ. ಒಮೆಕ ಎಸ್ ಅನ್ನು ರಚಿಸಿದವರು ಲಿನಕ್ಸನ್ನೇ ಉದ್ದೇಶಿಸಿದ್ದಾರೆ. ವಿಂಡೋಸಿನಲ್ಲಿ ದೊಡ್ಡ ಪಟ್ಟಿಯನ್ನು ಒಮ್ಮೆಗೇ ಸೇರಿಸುವಂತಹ ಹಿನ್ನೆಲೆಯ ಕೆಲಸಗಳು ಮುಗ್ಗರಿಸುವುದುಂಟು. ಕಲಿಕೆಗೆ ವಿಂಡೋಸ್ ಸಾಕು. ಸಂಸ್ಥೆಯ ನಿಜವಾದ ಸೂಚಿಗೆ ಹಳೆಯದಾದರೂ ಲಿನಕ್ಸ್ ಇರುವ ಬೇರೊಂದು ಗಣಕವನ್ನು ಮೀಸಲಿಡುವುದು ಲೇಸು.

ಮುಂದಿನ ಕೆಲಸ ಬರಿಯ ಪೆಟ್ಟಿಗೆಯನ್ನು ಮಾಡುವುದು. ಕ್ಸಾಂಪಿನ ಜೊತೆಗೆ ಬರುವ ಪಿಎಚ್‌ಪಿಮೈಅಡ್ಮಿನ್ ಎಂಬ ಪುಟವನ್ನು ತೆರೆದು ಹೊಸ ದತ್ತಸಂಚಯವೊಂದಕ್ಕೆ ಹೆಸರಿಡಬೇಕು. ಆ ಹೊತ್ತಿನಲ್ಲಿ ಅಕ್ಷರಸಂಕೇತ ಯಾವುದೆಂದು ಯಂತ್ರ ಕೇಳುತ್ತದೆ. ಎಷ್ಟೋ ಜನ ಓದದೆ ಮುಂದೆ ಸಾಗುವ ಈ ಪ್ರಶ್ನೆ ಹಸ್ತಪ್ರತಿಕಾರನ ಪಾಲಿಗೆ ಮುಖ್ಯವಾದುದು. ಮೈಎಸ್‌ಕ್ಯೂಎಲ್ ಬಹುಕಾಲ ಯುಟಿಎಫ್8 ಎಂದು ಕರೆದ ಸಂಕೇತ ಅಕ್ಷರವೊಂದಕ್ಕೆ ಮೂರು ಬೈಟುಗಳಿಗಿಂತ ಹೆಚ್ಚು ಸ್ಥಳ ಕೊಡುವುದಿಲ್ಲ. ಕನ್ನಡ ಅಕ್ಷರಗಳಿಗೆ ಮೂರು ಬೈಟು ಸಾಕು. ಆದರೆ ಯೂನಿಕೋಡಿಗೆ 2010ರಲ್ಲಿ ಸೇರಿದ ಬ್ರಾಹ್ಮಿ, 2014ರಲ್ಲಿ ಸೇರಿದ ಗ್ರಂಥ, 2024ರಲ್ಲಿ ಸೇರಿದ ತುಳು–ತಿಗಳಾರಿ ಲಿಪಿಗಳಿಗೆ ನಾಲ್ಕು ಬೇಕು. ಕರಾವಳಿ, ಮಲೆನಾಡುಗಳ ಪ್ರತಿಗಳನ್ನು ವಿವರಿಸುವವನಿಗೆ ತಿಗಳಾರಿ ಇಂದಲ್ಲ ನಾಳೆ ಬೇಕಾಗುತ್ತದೆ. ಆದುದರಿಂದ ಯುಟಿಎಫ್8ಎಂಬಿ4 ಎಂಬುದನ್ನೇ ಆರಿಸಬೇಕು.

ಒಮೆಕದ ಕಟ್ಟನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡು, ಬಿಚ್ಚಿ, ಸರ್ವರ್ ತನ್ನ ಪುಟಗಳನ್ನು ಹುಡುಕುವ ಕೋಶದಲ್ಲಿರಿಸಬೇಕು. ಕ್ಸಾಂಪಿನಲ್ಲಿ ಅದರ ಹೆಸರು ಎಚ್‌ಟಿಡಾಕ್ಸ್. ಬಳಕೆಗೆ ಸಿದ್ಧವಾದ ಕಟ್ಟನ್ನೇ ಇಳಿಸಿಕೊಳ್ಳಬೇಕು. ಮೂಲಸಂಕೇತದ ಕಟ್ಟನ್ನು ತಂದರೆ ಅದರಲ್ಲಿ ಅವಲಂಬಿತ ಭಾಗಗಳಿರುವುದಿಲ್ಲ. ಬಳಿಕ ಕಾನ್ಫಿಗ್ ಕೋಶದಲ್ಲಿರುವ ಡೇಟಾಬೇಸ್ ಎಂಬ ಸಣ್ಣ ಕಡತದಲ್ಲಿ ಬಳಕೆದಾರನ ಹೆಸರು, ಗುಪ್ತಪದ, ದತ್ತಸಂಚಯದ ಹೆಸರು, ಯಂತ್ರದ ಹೆಸರು ಎಂಬ ನಾಲ್ಕನ್ನು ತುಂಬಬೇಕು. ಕ್ಸಾಂಪಿನಲ್ಲಿ ಮೊದಲಿಗೆ ರೂಟ್ ಎಂಬ ಹೆಸರಿದ್ದು ಗುಪ್ತಪದ ಖಾಲಿಯಾಗಿರುತ್ತದೆ. ಮನೆಯೊಳಗೆ ಇದು ನಡೆಯುತ್ತದೆ. ಹೊರಗೆ ಎಂದಿಗೂ ಸಲ್ಲದು. ಇಷ್ಟಾದ ಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ವಿಳಾಸವನ್ನೂ ಕೋಶದ ಹೆಸರನ್ನೂ ಬರೆದರೆ ಸ್ಥಾಪನೆಯ ಪುಟ ಬರುತ್ತದೆ. ನಿರ್ವಾಹಕನ ಹೆಸರು, ಮಿಂಚಂಚೆ, ಗುಪ್ತಪದ, ಸೂಚಿಯ ಶೀರ್ಷಿಕೆ, ಕಾಲವಲಯ ಇವನ್ನು ತುಂಬಿದೊಡನೆ ಸೂಚಿಯ ಮನೆ ಸಿದ್ಧ. ಎಡವದೆ ನಡೆದರೆ ಅರ್ಧ ದಿನದ ಕೆಲಸ.

ಯಂತ್ರದ ಮಾತು ಇಲ್ಲಿಗೆ ಮುಗಿಯಿತೆನ್ನಬಹುದು. ವಿದ್ವತ್ತಿನ ಕೆಲಸ ಇಲ್ಲಿಂದ ಮೊದಲಾಗುತ್ತದೆ. ಮನೆ ಬರಿದಾಗಿದೆ, ಗೂಡುಗಳಿಗೆ ಹೆಸರಿಟ್ಟಿಲ್ಲ. ಒಮೆಕ ತನ್ನೊಡನೆ ಡಬ್ಲಿನ್ ಕೋರ್ ಎಂಬ ವಿವರಣಾ ಪದಗಳ ಸಮೂಹವನ್ನು ತರುತ್ತದೆ. ಇದು ಐರ್ಲೆಂಡಿನ ಡಬ್ಲಿನ್ ಅಲ್ಲ. ಅಮೆರಿಕದ ಒಹಾಯೊ ರಾಜ್ಯದ ಡಬ್ಲಿನ್. ಅಲ್ಲಿ 1995ರಲ್ಲಿ ಗ್ರಂಥಪಾಲಕರೂ ಗಣಕ ತಜ್ಞರೂ ಸೇರಿ ಆರಂಭಿಸಿದ ಚರ್ಚೆಯಿಂದ ಶೀರ್ಷಿಕೆ, ಕರ್ತೃ, ವಿಷಯ, ಕಾಲ, ಭಾಷೆ ಮೊದಲಾದ 15 ಮೂಲ ಅಂಶಗಳು ನೆಲೆಗೊಂಡವು. ಮುದ್ರಿತ ಪುಸ್ತಕಕ್ಕೆ ಇವು ಸಾಕಾಗುತ್ತವೆ. ಓಲೆಕಟ್ಟಿನ ಮುಂದೆ ಕುಳಿತವನಿಗೆ ಕರ್ತೃ ಎಂಬ ಒಂದೇ ಗೂಡು ಸಾಲದು. ಅವನ ಎದುರಿಗೆ ಮೂಲಕವಿ ಇದ್ದಾನೆ, ಟೀಕಾಕಾರ ಇದ್ದಾನೆ, ಲಿಪಿಕಾರ ಇದ್ದಾನೆ, ಬರೆಯಿಸಿ ಶಾಸ್ತ್ರದಾನ ಮಾಡಿದ ಶ್ರಾವಿಕೆ ಇದ್ದಾಳೆ, ದಾನ ಪಡೆದ ಮುನಿಗಳಿದ್ದಾರೆ. ಈ ಐವರಲ್ಲಿ ಯಾರು ಕರ್ತೃ? ದಾನಿಯ ಹೆಸರನ್ನು ಕರ್ತೃವಿನ ಗೂಡಿನಲ್ಲಿ ಬರೆದ ಸೂಚಿಗಳು ಇಲ್ಲದಿಲ್ಲ. ಒಮೆಕದಲ್ಲಿ ವಿವರಣೆಯ ನಮೂನೆಯೊಂದನ್ನು ತಾನೇ ರಚಿಸಿಕೊಂಡು, ಪ್ರತಿಯೊಂದು ಗೂಡಿಗೆ ಕನ್ನಡದ ಹೆಸರು ಕೊಡಲು ಅವಕಾಶವಿದೆ. ಲಿಪಿಕಾರ, ದಾತೃ, ಪ್ರತಿಗ್ರಾಹಿ ಎಂಬ ಗೂಡುಗಳನ್ನು ಮೊದಲ ದಿನವೇ ಬೇರೆ ಬೇರೆಯಾಗಿ ಮಾಡಿಕೊಳ್ಳಬೇಕು. ನೂರು ದಾಖಲೆ ತುಂಬಿದ ಮೇಲೆ ಬೇರ್ಪಡಿಸುವುದು ಸಾಧ್ಯ, ಆದರೆ ನೂರನ್ನೂ ಮತ್ತೆ ಓದಬೇಕಾಗುತ್ತದೆ.

ಅಷ್ಟೇ ಮುಖ್ಯವಾದುದು ಕಟ್ಟು, ಪ್ರತಿ, ಗ್ರಂಥ ಇವುಗಳ ಭೇದ. ಒಂದೇ ಕಟ್ಟಿನಲ್ಲಿ ಸ್ತೋತ್ರ, ವ್ರತವಿಧಾನ, ಕಥೆ ಎಲ್ಲವೂ ಕೂಡಿರುವುದು ಸಾಮಾನ್ಯ. ಜನ್ನನ ಅನಂತನಾಥ ಪುರಾಣ ಗ್ರಂಥವಾಗಿ ಒಂದು. ಅದರ ಪ್ರತಿಗಳು ಹಲವು. ಒಂದೊಂದು ಪ್ರತಿಯೂ ಒಂದೊಂದು ಕಟ್ಟಿನೊಳಗಿನ ಇಂತಿಷ್ಟು ಗರಿಗಳು. ಮೂರಕ್ಕೂ ಬೇರೆ ಬೇರೆ ದಾಖಲೆಗಳನ್ನು ಮಾಡಿ, ಈ ಪ್ರತಿ ಆ ಗ್ರಂಥದ್ದು, ಈ ಪ್ರತಿ ಆ ಕಟ್ಟಿನಲ್ಲಿದೆ ಎಂದು ಜೋಡಿಸಿದರೆ ಗ್ರಂಥದ ಪುಟವನ್ನು ತೆರೆದಾಗ ಅದರ ಪ್ರತಿಗಳೆಲ್ಲ ತಾವಾಗಿಯೇ ಕೆಳಗೆ ಕಾಣಿಸಿಕೊಳ್ಳುತ್ತವೆ. ಅಚ್ಚಿನ ಸೂಚಿಯಲ್ಲಿ ಇದಕ್ಕೆ ಅನುಬಂಧಗಳನ್ನೇ ಹೊಂದಿಸಬೇಕಾಗುತ್ತಿತ್ತು.

ಜೋಡಣೆಯ ಬೆಲೆ ತಿಳಿಯಲು ಅರಸೀಕೆರೆಯ ಶಾಸನವೇ ಸಾಕು. 1220ರ ಆ ಶಾಸನದಲ್ಲಿ ಬರುವ ರೇಚರಸನು ಮೊದಲು ಕಳಚುರಿಗಳ ಆಶ್ರಯದಲ್ಲಿದ್ದು ಅನಂತರ ಹೊಯ್ಸಳ ವೀರಬಲ್ಲಾಳನ ಬಳಿಗೆ ಬಂದ ದಂಡನಾಯಕ. ವಸುಧೈಕಬಾಂಧವನೆಂಬ ಬಿರುದು ಅವನದು. ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಬಿಂಬವನ್ನು ಸ್ಥಾಪಿಸಿ ಅದನ್ನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನು. ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿಯಲ್ಲಿಯೂ ಶಾಸನವೊಂದಿದೆ. ಅಲ್ಲಿ ಶಾಂತಿನಾಥನನ್ನು ಪ್ರತಿಷ್ಠಿಸಿ ಸಾಗರನಂದಿಗಳಿಗೆ ಕೊಟ್ಟವನ ಹೆಸರು ರೇಚಿಮಯ್ಯ. ಬಿರುದು ಅದೇ ವಸುಧೈಕಬಾಂಧವ. ಓದುವ ವಿದ್ವಾಂಸನಿಗೆ ಇಬ್ಬರೂ ಒಬ್ಬನೇ ಎಂಬುದು ಸ್ಪಷ್ಟ. ಯಂತ್ರಕ್ಕೆ ರೇಚರಸ, ರೇಚಿಮಯ್ಯ, ರೇಚಣ ಮೂವರು ಅಪರಿಚಿತರು. ರೇಚರಸನೆಂದು ಹುಡುಕಿದವನಿಗೆ ಜಿನನಾಥಪುರ ದೊರೆಯುವುದಿಲ್ಲ. ಇದಕ್ಕೆ ಪರಿಹಾರ, ವ್ಯಕ್ತಿಗೂ ಒಂದು ದಾಖಲೆಯನ್ನು ತೆರೆಯುವುದು. ಅದರಲ್ಲಿ ಹೆಸರಿನ ರೂಪಗಳನ್ನೆಲ್ಲ ಬರೆದು, ಎರಡೂ ಶಾಸನಗಳಲ್ಲಿ ದಾತೃವಿನ ಗೂಡಿನಲ್ಲಿ ಅಕ್ಷರಗಳನ್ನು ಬರೆಯುವ ಬದಲು ಆ ದಾಖಲೆಯನ್ನೇ ತೋರಿಸಬೇಕು. ಸಾಗರನಂದಿಗಳಿಗೂ ಹಾಗೆಯೇ. ಶಾಸನದಲ್ಲಿ ಇದ್ದ ರೂಪವನ್ನು ಮಾತ್ರ ಪಾಠದ ಗೂಡಿನಲ್ಲಿ ಇದ್ದಂತೆಯೇ ಉಳಿಸಬೇಕು. ಏಕರೂಪತೆಯ ಆಸೆಗೆ ಪಾಠವನ್ನು ತಿದ್ದುವುದು ಸೂಚಿಕಾರನ ಅಧಿಕಾರವಲ್ಲ.

ಹಳೇಬೀಡಿನ ಪಾರ್ಶ್ವನಾಥ ಬಸದಿ ಇನ್ನೊಂದು ಪಾಠ ಕಲಿಸುತ್ತದೆ. 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ಸ್ಮರಣೆಗಾಗಿ ಇದನ್ನು ಕಟ್ಟಿಸಿದನು. ದ್ರೋಹಘರಟ್ಟನೆಂಬುದು ಗಂಗರಾಜನ ಬಿರುದಾದುದರಿಂದ ಇದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಾಯಿತು. ಪ್ರತಿಷ್ಠೆಯ ಶೇಷೆ ತಲಪಿದ ಸಮಯದಲ್ಲಿಯೇ ವಿಷ್ಣುವರ್ಧನನಿಗೆ ಜಯವೂ ಪುತ್ರೋತ್ಸವವೂ ಕೂಡಿ ಬಂದುದರಿಂದ ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಜನ್ನ ಕವಿ ದ್ವಾರವನ್ನು ಕಟ್ಟಿಸಿದನೆಂದು ಸಾಹಿತ್ಯಚರಿತ್ರೆಗಳು ಹೇಳುವ ದೋರಸಮುದ್ರದ ವಿಜಯಪಾರ್ಶ್ವ ಬಸದಿ ಇದೇ. ಪಾರ್ಶ್ವನಾಥ ಬಸದಿ, ದ್ರೋಹಘರಟ್ಟ ಜಿನಾಲಯ, ವಿಜಯಪಾರ್ಶ್ವ ಬಸದಿ ಎಂಬ ಮೂರು ಹೆಸರಿಗೆ ಕಟ್ಟಡ ಒಂದೇ. ಕಟ್ಟಡಕ್ಕೊಂದು ದಾಖಲೆಯಿದ್ದರೆ ಜನ್ನನ ಓಲೆಕಟ್ಟುಗಳಿಂದ ಅವನ ಗ್ರಂಥಕ್ಕೆ, ಗ್ರಂಥದಿಂದ ಕವಿಗೆ, ಕವಿಯಿಂದ ಬಸದಿಯ ಬಾಗಿಲಿಗೆ ನಡೆದುಹೋಗಬಹುದು. ಹಸ್ತಪ್ರತಿಶಾಸ್ತ್ರವೂ ಶಾಸನಶಾಸ್ತ್ರವೂ ಬೇರೆ ಬೇರೆ ಕಪಾಟುಗಳಲ್ಲಿ ಕುಳಿತಿರುವುದರಿಂದ ಆಗಿರುವ ನಷ್ಟ ಇಂತಹ ಕಡೆ ಕಣ್ಣಿಗೆ ಬೀಳುತ್ತದೆ.

ಊರಿನ ಹೆಸರುಗಳೂ ಇದೇ ರೀತಿ. ಹಳೇಬೀಡು ದೋರಸಮುದ್ರ, ಬೇಲೂರು ವೇಲಾಪುರ, ಅರಸೀಕೆರೆಗೆ ಸರ್ವಜ್ಞ ವಿಜಯ ಬಲ್ಲಾಳಪುರ ಎಂಬ ಹೆಸರೂ ಇತ್ತು. ಹಳೆಯ ಹೆಸರಿನ ಮಾತಂತಿರಲಿ, ಮಾಲೇಕಲ್ಲು ಎಂದು ಒಮ್ಮೆ, ಮಾಲೆಕಲ್ಲು ಎಂದು ಒಮ್ಮೆ ಬರೆದರೆ ಯಂತ್ರದ ಲೆಕ್ಕದಲ್ಲಿ ಅವು ಎರಡು ಊರುಗಳು. ಅರಸೀಕೆರೆಯ ದೀರ್ಘವನ್ನು ಹ್ರಸ್ವಗೊಳಿಸಿದವರೂ ಬಹಳ. ಸಂಖ್ಯೆಗಳ ತೊಡಕು ಬೇರೆ. ಹಳೇಬೀಡು ಬೇಲೂರು ತಾಲೂಕಿಗೆ ಸೇರಿರುವುದರಿಂದ ಪಾರ್ಶ್ವನಾಥ ಬಸದಿಯ ಶಾಸನ ರೈಸರ ಸಂಪುಟದಲ್ಲಿ ಬೇಲೂರು 124 ಆಗಿದೆ. ಹಳೇಬೀಡೆಂದು ಹುಡುಕುವವನಿಗೆ ಸಿಕ್ಕುವುದಿಲ್ಲ. ಶ್ರವಣಬೆಳಗೊಳದ ಶಾಸನಗಳ ಸಂಪುಟ 1889ರಲ್ಲಿ 144 ಶಾಸನಗಳೊಡನೆ, 1923ರಲ್ಲಿ ಆರ್. ನರಸಿಂಹಾಚಾರ್ಯರಿಂದ 500ರೊಡನೆ, 1973ರಲ್ಲಿ 573ರೊಡನೆ ಮೂರು ಸಲ ಹೊರಬಂದಿತು; ಪ್ರತಿ ಸಲವೂ ಸಂಖ್ಯೆಗಳು ಬದಲಾದುವು. ಹೀಗಾಗಿ ದಾಖಲೆಯಲ್ಲಿ ಸಂಖ್ಯೆಯನ್ನು ಬರೆಯುವಾಗ ಯಾವ ಆವೃತ್ತಿಯದೆಂದು ಸೇರಿಸಿಯೇ ಬರೆಯಬೇಕು. ಸೂಚಿಯು ತಾನು ಕೊಡುವ ಸಂಖ್ಯೆಯನ್ನಂತೂ ಒಮ್ಮೆ ಕೊಟ್ಟ ಮೇಲೆ ಬದಲಿಸಕೂಡದು. ದಾಖಲೆ ರದ್ದಾದರೂ ಅದರ ಸಂಖ್ಯೆ ಇನ್ನೊಂದಕ್ಕೆ ಹೋಗಬಾರದು.

ಕಾಲದ ಗೂಡಿನಲ್ಲಿ ಕ್ರಿಸ್ತಶಕವನ್ನು ಮಾತ್ರ ಬರೆಯುವ ಪದ್ಧತಿ ಅಪಾಯಕರ. ಪುಷ್ಪಿಕೆಯಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುವುದು ಸಾಮಾನ್ಯ ನಿಯಮ. ವರ್ಷದ ಕೊನೆಯ ತಿಂಗಳುಗಳಿಗೆ 79. ಶಕವರ್ಷ ಗತವೋ ವರ್ತಮಾನವೋ ಎಂಬುದರ ಮೇಲೆ ಮತ್ತೊಂದು ವರ್ಷದ ವ್ಯತ್ಯಾಸ. ವೀರನಿರ್ವಾಣ ಶಕದಲ್ಲಿ ಬರೆದಿದ್ದರೆ, ನಿರ್ವಾಣದಿಂದ ಶಕಾರಂಭಕ್ಕೆ 605 ವರ್ಷ 5 ತಿಂಗಳು ಎಂಬ ಪರಂಪರೆಯ ಗಣನೆಯನ್ನು ಹಿಡಿಯಬೇಕು. ಲೆಕ್ಕ ಹಾಕಿದವನು ತಪ್ಪಬಹುದು. ಮೂಲ ಉಳಿದಿದ್ದರೆ ಇನ್ನೊಬ್ಬನು ತಿದ್ದಬಹುದು. ಮೂಲದಲ್ಲಿದ್ದಂತೆ ಒಂದು ಗೂಡು, ಹುಡುಕುವ ಅನುಕೂಲಕ್ಕೆ ಕ್ರಿಸ್ತಶಕದ ಇನ್ನೊಂದು ಗೂಡು ಇರಲಿ.

ಅಕ್ಷರಗಳ ವಿಷಯಕ್ಕೆ ಮರಳಿದರೆ, ಹಳಗನ್ನಡದ ಪಾಠವನ್ನು ಗಣಕಕ್ಕೆ ಇಳಿಸುವವನಿಗೆ ಇಂದು ಮೊದಲಿನಷ್ಟು ಕಷ್ಟವಿಲ್ಲ. ಱ, ೞ ಎರಡೂ ಯೂನಿಕೋಡಿನಲ್ಲಿವೆ. ೞಕಾರಕ್ಕೆ ಯೂನಿಕೋಡಿನವರು ಫಕಾರವೆಂಬ ತಪ್ಪು ಹೆಸರನ್ನಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರದೇ ನಿಯಮವಾದುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಬೇಕಾಯಿತು. ಲಿಪಿಕಾರರ ಸ್ಖಾಲಿತ್ಯಗಳನ್ನು ಎಣಿಸುವವರು ಇದನ್ನೂ ಗಮನಿಸಬಹುದು. ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೂ ಸ್ಥಾನ ದೊರೆತಿದೆ. ಓಲೆಗರಿಗಳಲ್ಲಿ ಹೇರಳವಾಗಿ ಬರುವ ನಕಾರಪೊಲ್ಲು ಮಾತ್ರ 2021ರ ತನಕ ಕಾಯಬೇಕಾಯಿತು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಅದು ಬರಿಯ ಚೌಕವಾಗಿ ತೋರುತ್ತದೆ. ದಾಖಲೆಯಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ. ಚೌಕವನ್ನು ಕಂಡು ಗಾಬರಿಯಿಂದ ಅಳಿಸಬಾರದು.

ಬಹುಪಾಲು ಸಂಸ್ಥೆಗಳಲ್ಲಿ ಮೊದಲೇ ಬೆರಳಚ್ಚು ಮಾಡಿದ ಪಟ್ಟಿಗಳಿರುತ್ತವೆ. ಅವು ಯೂನಿಕೋಡಿಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿದ್ದರೆ ಹೊಸ ಸೂಚಿಯಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಆ ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ವ್ಯಂಜನದ ಬಳಿಕ ಬರುತ್ತದೆ, ಯೂನಿಕೋಡಿನಲ್ಲಿ ರೇಫೆ ಮೊದಲು ಬರುತ್ತದೆ. ಈ ಪಲ್ಲಟದಲ್ಲಿ ತಂತ್ರಾಂಶ ಎಡವುತ್ತದೆ. ಕರ್ಮ, ಧರ್ಮ, ವರ್ಧಮಾನ, ತೀರ್ಥಂಕರ ಎಂಬ ಶಬ್ದಗಳಿಲ್ಲದ ಜೈನ ಸೂಚಿ ಎಲ್ಲಿದೆ? ಪರಿವರ್ತಿಸಿದ ಪಟ್ಟಿಯಲ್ಲಿ ಈ ನಾಲ್ಕನ್ನು ಹುಡುಕಿ ನೋಡಿದರೆ ಸಾಧನದ ಯೋಗ್ಯತೆ ತಿಳಿಯುತ್ತದೆ. ಪಟ್ಟಿಯನ್ನು ಎಕ್ಸೆಲ್ಲಿನಿಂದ ಸಿಎಸ್‌ವಿ ರೂಪಕ್ಕೆ ತರುವಾಗ ಯುಟಿಎಫ್8 ಎಂದು ಸ್ಪಷ್ಟವಾಗಿ ಹೇಳಿರುವ ಆಯ್ಕೆಯನ್ನೇ ಹಿಡಿಯಬೇಕು. ಬರಿಯ ಸಿಎಸ್‌ವಿ ಎಂದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ, ಮರಳಿ ಬಾರದು. ಶಾನ್ತಿ ಎಂದು ಬರೆದ ಪಾಠವನ್ನು ಶಾಂತಿ ಎಂದು ಹುಡುಕಿದರೆ ಸಿಕ್ಕುವುದಿಲ್ಲವೆಂಬುದನ್ನೂ ನೆನಪಿಡಬೇಕು. ಇದಕ್ಕೂ ಎರಡು ಗೂಡುಗಳೇ ದಾರಿ: ಪ್ರತಿಯಲ್ಲಿರುವಂತೆ ಒಂದು, ಇಂದಿನ ಬರವಣಿಗೆಯಲ್ಲಿ ಇನ್ನೊಂದು.

ಚಿತ್ರಗಳ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಓಲೆಗರಿಯ ಮೂಲ ಛಾಯಾಚಿತ್ರಗಳು ಬಹಳ ದೊಡ್ಡ ಕಡತಗಳು. ಅವನ್ನು ಬೇರೆ ತಟ್ಟೆಯಲ್ಲಿಟ್ಟು, ಚಿಕ್ಕದಾಗಿಸಿದ ಜೆಪೆಗ್ ಪ್ರತಿಯನ್ನು ಮಾತ್ರ ಸೂಚಿಗೆ ಸೇರಿಸಬೇಕು. ಹಾಗೆ ಮಾಡಿದರೂ ಪಿಎಚ್‌ಪಿಯ ಕಡತದಲ್ಲಿ ಏರಿಕೆಯ ಮಿತಿಯನ್ನು ಹೆಚ್ಚಿಸಬೇಕಾಗಬಹುದು. ಕಡತಗಳ ಹೆಸರಿನಲ್ಲಿ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂಬದಿಯೋ ಹಿಂಬದಿಯೋ ಎಂಬುದಿರಲಿ. ಹೆಸರು ರೋಮನ್ ಅಕ್ಷರ, ಅಂಕಿಗಳಲ್ಲಿದ್ದರೆ ಗಣಕದಿಂದ ಗಣಕಕ್ಕೆ ಹೋಗುವಾಗ ಕೆಡುವುದಿಲ್ಲ. ಮಾಲೀಕರ ಮನೆಯ ವಿವರವಿರುವ ಗೂಡಿಗೆ ಒಮೆಕದಲ್ಲಿ ಕಣ್ಣಿನ ಗುರುತೊಂದಿದೆ; ಅದನ್ನು ಒತ್ತಿದರೆ ಆ ಒಂದು ವಿವರ ನಿರ್ವಾಹಕರಿಗೆ ಮಾತ್ರ ಕಾಣುತ್ತದೆ, ಉಳಿದ ದಾಖಲೆ ಎಲ್ಲರಿಗೂ ತೆರೆದಿರುತ್ತದೆ. ಪ್ರಕಟಣೆಗೆ ಮುಂಚೆ, ನಿರ್ವಾಹಕನಾಗಿ ಅಲ್ಲದೆ ಅಪರಿಚಿತನಂತೆ ಸೂಚಿಯನ್ನು ತೆರೆದು ಎಲ್ಲ ದಾಖಲೆಗಳನ್ನೂ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ಪ್ರತಿಯ ಪ್ರಶ್ನೆ. ಧವಲ, ಜಯಧವಲ, ಮಹಾಬಂಧಗಳು ಶತಮಾನಗಳ ಕಾಲ ಮೂಡಬಿದಿರೆಯ ಒಂದೇ ಬಸದಿಯ ಓಲೆಗಳಲ್ಲಿ ಉಳಿದಿದ್ದವು. ಅಲ್ಲಿಂದ ನಕಲುಗಳಾಗಿ ಹೊರಬಂದ ಬಳಿಕವೇ ಧವಲದ ಮುದ್ರಣ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಆರಂಭವಾಗಿ 1958ರಲ್ಲಿ 16 ಸಂಪುಟಗಳಲ್ಲಿ ಮುಗಿಯಿತು. ಆ ಓಲೆಗಳಿಗೆ ಬೆಂಕಿಯೋ ಗೆದ್ದಲೋ ತಗುಲಿದ್ದರೆ ಏನಾಗುತ್ತಿತ್ತೆಂದು ಯೋಚಿಸುವವರು ತಮ್ಮ ಗಣಕದಲ್ಲಿರುವ ಒಂದೇ ಸೂಚಿಯ ಬಗೆಗೆ ಯೋಚಿಸುವುದಿಲ್ಲ. ಗಣಕದ ತಟ್ಟೆಯ ಆಯುಸ್ಸು ಓಲೆಗರಿಯದಕ್ಕೆ ಎಷ್ಟು ಮಾತ್ರ? ವಿದ್ಯುತ್ತು ಹಠಾತ್ತನೆ ನಿಂತಾಗ ದತ್ತಸಂಚಯದ ಕಡತಗಳು ಕೆಟ್ಟು ಮೈಎಸ್‌ಕ್ಯೂಎಲ್ ಮತ್ತೆ ಏಳದಿರುವುದು ಹಳ್ಳಿಗಾಡಿನಲ್ಲಿ ಅಪರೂಪವಲ್ಲ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಪ್ರತಿ ತೆಗೆಯುವಾಗ ಒಮೆಕದ ಕೋಶವನ್ನು ಮಾತ್ರ ನಕಲು ಮಾಡಿಕೊಂಡು ಸುಮ್ಮನಾಗುವವರಿದ್ದಾರೆ. ಅದರಲ್ಲಿ ಚಿತ್ರಗಳಿರುತ್ತವೆ, ಒಂದು ಚೀಟಿಯೂ ಇರುವುದಿಲ್ಲ, ಚೀಟಿಗಳಿರುವುದು ದತ್ತಸಂಚಯದಲ್ಲಿ. ಪಿಎಚ್‌ಪಿಮೈಅಡ್ಮಿನ್ನಿನ ರಫ್ತು ಗುಂಡಿಯಿಂದ ದತ್ತಸಂಚಯವನ್ನು ಒಂದು ಪಠ್ಯಕಡತವಾಗಿ ಹೊರತೆಗೆದು, ಅದರೊಡನೆ ಚಿತ್ರಗಳ ಕೋಶವನ್ನೂ ಕಾನ್ಫಿಗ್ ಕೋಶವನ್ನೂ ಸೇರಿಸಿದರೆ ಪ್ರತಿ ಪೂರ್ಣವಾಗುತ್ತದೆ. ತಿಂಗಳಿಗೊಮ್ಮೆ ಇದನ್ನು ಬೇರೊಂದು ಕಟ್ಟಡದಲ್ಲಿರುವ ತಟ್ಟೆಗೆ ಕಳುಹಿಸಬೇಕು. ಪ್ರತಿ ಸರಿಯಾಗಿದೆಯೇ ಎಂಬುದನ್ನು ನೋಡಲು ಇರುವ ಉಪಾಯ ಒಂದೇ: ಇನ್ನೊಂದು ಗಣಕದಲ್ಲಿ ಬರಿಯ ದತ್ತಸಂಚಯವನ್ನು ತೆರೆದು, ಹೊರತೆಗೆದ ಕಡತವನ್ನು ಅದರೊಳಗೆ ತುಂಬಿ, ಕೋಶಗಳನ್ನು ಸ್ಥಾನದಲ್ಲಿರಿಸಿ ಸೂಚಿಯನ್ನು ತೆರೆಯುವುದು. ರೇಚರಸನ ದಾಖಲೆಯ ಕೆಳಗೆ ಅರಸೀಕೆರೆ, ಜಿನನಾಥಪುರಗಳೆರಡೂ ಕಾಣಬೇಕು. ಪಾಠದಲ್ಲಿ ೞಕಾರ ೞಕಾರವಾಗಿಯೇ ಉಳಿದಿರಬೇಕು. ಗರಿಯ ಚಿತ್ರ ಒತ್ತಿದಾಗ ತೆರೆಯಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಹಳೆಯ ಗಣಕವನ್ನು ಅಳಿಸುವ ಮುನ್ನ ಪ್ರತಿಯನ್ನು ಮತ್ತೊಮ್ಮೆ ತೆಗೆಯಬೇಕು.